ಕೆಸರಿನ ಜೀಪು, ಡಾಂಬರಿನ ಜೀಪು

ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ದಕ್ಷಿಣ ಕೊಡಗಿನ ಬಾಳೆಲೆಯಲ್ಲಿ ರಸ್ತೆಗಳು ಎರಡು ಜಾತಿಯಾಗುತ್ತವೆ. ಒಂದು, ಪೊನ್ನಂಪೇಟೆ, ಗೋಣಿಕೊಪ್ಪಲಿನ ಕಡೆಯಿಂದ ಊರಿಗೆ ಬರುವ ಡಾಂಬರು ರಸ್ತೆ. ಇನ್ನೊಂದು, ಆ ಡಾಂಬರು ಮುಗಿದಲ್ಲಿಂದ ಕಾಫಿ ತೋಟದೊಳಕ್ಕೆ, ಗದ್ದೆಯ ಅಂಚಿಗೆ, ಲೈನ್ ಮನೆಗಳತ್ತ ಇಳಿಯುವ ಕೆಂಪು ಮಣ್ಣಿನ ದಾರಿ. ಮೊದಲನೆಯದರಲ್ಲಿ ಯಾವ ವಾಹನವಾದರೂ ನಡೆಯುತ್ತದೆ. ಎರಡನೆಯದಕ್ಕೆ ಇಳಿದಾಗ ವಾಹನದ ಬಂಡವಾಳ ಬಯಲಾಗುತ್ತದೆ.

ಈ ಎರಡನೆಯ ದಾರಿಯನ್ನು ಕೊಡಗಿನಲ್ಲಿ ಬಹುಕಾಲ ಆಳಿದ್ದು ಜೀಪು. ತೆರೆದ ಮೈ, ತಗಡಿನ ಬದಿ, ದುಂಡು ದೀಪ, ಚಪ್ಪಟೆ ಮೂತಿಯ ಆ ಗಾಡಿಗೆ ಈಗ ಎದುರಾಳಿಗಳು ಹುಟ್ಟಿಕೊಂಡಿದ್ದಾರೆ. ಎತ್ತರದ ನಿಲುವು, ಮಿರುಗುವ ಬಣ್ಣ, ತಣ್ಣನೆಯ ಗಾಳಿ, ಮುಂದೆ ಟೀವಿಯಂತಹ ಪರದೆ ಇರುವ 'ಎಸ್‌ಯುವಿ'ಗಳು ಪೇಟೆಯಲ್ಲಷ್ಟೇ ಅಲ್ಲ, ತೋಟದ ಮನೆಗಳ ಅಂಗಳದಲ್ಲೂ ನಿಂತಿವೆ. ಕಾಡುಮೇಡಿನಲ್ಲಿ ಗಾಡಿ ಓಡಿಸುವ ಹವ್ಯಾಸಿಗಳಲ್ಲಿ ಇದೇ ದೊಡ್ಡ ಚರ್ಚೆ. ಇಂದಿನ ಗಾಡಿಗಳಲ್ಲಿರುವುದು ಗಟ್ಟಿತನವೋ, ಗಟ್ಟಿತನದ ವೇಷವೋ?

ಪ್ರಶ್ನೆ ಬರಿಯ ಹವ್ಯಾಸದ್ದಲ್ಲ. ವರ್ಷದ ನಾಲ್ಕು ತಿಂಗಳು ಮಳೆಯೊಂದಿಗೆ ಬದುಕುವ ಜಿಲ್ಲೆಯಲ್ಲಿ ರೋಗಿಯನ್ನು ಆಸ್ಪತ್ರೆಗೆ, ಕಾಫಿಯನ್ನು ಕಣಕ್ಕೆ, ಆಳುಗಳನ್ನು ತೋಟಕ್ಕೆ ತಲುಪಿಸುವ ಪ್ರಶ್ನೆಯೂ ಹೌದು. ಉತ್ತರ ಹುಡುಕಲು ಜೀಪಿನ ಜಾತಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

49 ದಿನಗಳ ಕೂಸು

ಎರಡನೆಯ ಮಹಾಯುದ್ಧ ಯೂರೋಪನ್ನು ಸುಡುತ್ತಿದ್ದ 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ 135 ಕಂಪೆನಿಗಳಿಗೆ ಕಾಗದ ಬರೆಯಿತು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ, ಹಗುರವಾದ, ಸೈನಿಕರೇ ಕೈಯಿಂದ ಎತ್ತಿ ತಳ್ಳಬಹುದಾದ ಸಣ್ಣ ಗಾಡಿಯೊಂದು ಬೇಕಾಗಿತ್ತು. ಮಾದರಿ ಗಾಡಿಗೆ ಕೊಟ್ಟ ಗಡುವು 49 ದಿನ. ಉತ್ತರ ಕೊಟ್ಟ ಕಂಪೆನಿಗಳು ಎರಡೇ. ಅವುಗಳಲ್ಲಿ ಬ್ಯಾಂಟಮ್ ಎಂಬ ಪುಟ್ಟ ಕಂಪೆನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎಳೆದ ನಕ್ಷೆ ಹಿಡಿದು, ಅದೇ ಸೆಪ್ಟೆಂಬರಿನಲ್ಲಿ ಗಡುವಿನೊಳಗೆ ಗಾಡಿಯನ್ನು ತಂದು ನಿಲ್ಲಿಸಿತು. ಆದರೆ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಗುತ್ತಿಗೆ ಹೋದದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು.

ಈ ಗಾಡಿಯ ರೂಪವನ್ನು ಚೆಂದಕ್ಕಾಗಿ ಯಾರೂ ತಿದ್ದಿರಲಿಲ್ಲ. ಚಕ್ರದ ಮೇಲಿನ ಮಡ್‌ಗಾರ್ಡು ಚಪ್ಪಟೆ, ಏಕೆಂದರೆ ಹಾಗೆ ತಗಡು ಬಗ್ಗಿಸುವುದು ಸುಲಭ. ಅದರ ಮೇಲೆ ನಕ್ಷೆ ಹರಡಬಹುದು, ಊಟದ ತಟ್ಟೆ ಇಡಬಹುದು, ಕೂರಲೂಬಹುದು. ಮುಂದಿನ ಗಾಜು ಬಾನೆಟ್ಟಿನ ಮೇಲೆ ಮಲಗುತ್ತಿತ್ತು, ಗಾಡಿ ಶತ್ರುವಿನ ಕಣ್ಣಿಗೆ ಬೀಳದಿರಲೆಂದು. ಮುಂದಿನ ದೀಪಗಳನ್ನು ಹಿಂದಕ್ಕೆ ತಿರುಗಿಸಿದರೆ ಅವು ಎಂಜಿನ್ನಿಗೇ ಬೆಳಕು ಚೆಲ್ಲುತ್ತಿದ್ದವು, ರಾತ್ರಿ ರಿಪೇರಿಗೆ. ಜೀಪಿನ ಗುರುತೆಂದು ಇಂದು ಜಗತ್ತೇ ಬಲ್ಲ ಮೂತಿಯ ಉದ್ದುದ್ದ ಸೀಳುಗಳ ಕಥೆಯೂ ಇಂಥದೇ. ವಿಲ್ಲೀಸ್ ಮೊದಲಿಗೆ ಉಕ್ಕಿನ ಪಟ್ಟಿಗಳನ್ನು ಬೆಸೆದು ಜಾಲರಿ ಮಾಡುತ್ತಿತ್ತು. ಒಂದೇ ತಗಡಿನಲ್ಲಿ ಒಂಬತ್ತು ಸೀಳು ಒತ್ತಿ ತೆಗೆಯುವ ಅಗ್ಗದ ಉಪಾಯ ಫೋರ್ಡಿನದು. ಅದು ಹಗುರವೂ ಆಗಿದ್ದುದರಿಂದ ವಿಲ್ಲೀಸೂ ಒಪ್ಪಿಕೊಂಡಿತು. ಯುದ್ಧಾನಂತರ 1945ರಲ್ಲಿ ಬಂದ ನಾಗರಿಕ ಜೀಪಿಗೆ ದೊಡ್ಡ ದೀಪ ಕೂರಿಸಿದಾಗ ಸೀಳುಗಳು ಏಳಕ್ಕೆ ಇಳಿದವು.

ಒಟ್ಟಿನಲ್ಲಿ ಕೆಲಸ ರೂಪವನ್ನು ತೀರ್ಮಾನಿಸಿತ್ತು. ನೇಗಿಲನ್ನೋ ಕೊಡಲಿಯನ್ನೋ ನೋಡಿದಾಗ ಕಾಣುವ ಚೆಂದ ಯಾವುದೋ ಅದೇ ಜೀಪಿನದೂ.

ಬೆಟ್ಟದ ನಾಡಿಗೆ ಬಂದ ಬಗೆ

ಬರ್ಮಾ ರಣರಂಗದ ದಾರಿಯಾಗಿ ಜೀಪು ಭಾರತದ ಸೈನಿಕರಿಗೆ ಪರಿಚಯವಾಯಿತು. ಯುದ್ಧ ಮುಗಿದ ಮೇಲೆ ಉಳಿದ ಸೈನ್ಯದ ಸಾಮಾನುಗಳು ಹರಾಜಾದವು. ಸ್ಟಿಯರಿಂಗು ಎಡಬದಿಗೆ ಇರುವ ಆ ಕಾಲದ 'ಡಿಸ್ಪೋಸಲ್' ಜೀಪುಗಳು ನಾಗರಿಕರ ಕೈಗೂ ಬಂದವು. ಜೀಪಿನ ಜೊತೆಗೆ ಅಪಖ್ಯಾತಿಯೂ ಬಂತೆನ್ನಬೇಕು. 1948ರಲ್ಲಿ ಕಾಶ್ಮೀರ ಯುದ್ಧದ ಅವಸರದಲ್ಲಿ, ರಿಪೇರಿ ಮಾಡಿದ ಹಳೆಯ ಜೀಪುಗಳಿಗಾಗಿ ಬ್ರಿಟನ್ನಿನಲ್ಲಿ ಆರ್ಡರು ಕೊಡಲಾಯಿತು. ಬಂದ 155 ಜೀಪುಗಳು ಕೆಲಸಕ್ಕೆ ಬಾರದವಾಗಿದ್ದವು. ಸ್ವತಂತ್ರ ಭಾರತದ ಮೊದಲ ಹಗರಣವೆಂದು ಜನ ನೆನೆಯುವುದು ಇದನ್ನೇ.

ದೇಶದೊಳಗೇ ಜೀಪು ಜೋಡಿಸುವ ಕೆಲಸಕ್ಕೆ ಕೈಹಾಕಿದ್ದು ಮಹೀಂದ್ರ ಸಂಸ್ಥೆ. 1945ರಲ್ಲಿ 'ಮಹೀಂದ್ರ ಅಂಡ್ ಮಹಮ್ಮದ್' ಎಂಬ ಹೆಸರಿನಲ್ಲಿ ಹುಟ್ಟಿದ ಅದರ ಪಾಲುದಾರ ಗುಲಾಂ ಮಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಸಂಸ್ಥೆಯ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಎಂದಾಯಿತು. ವಿಲ್ಲೀಸ್‌ನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸುವುದರಿಂದ ಆರಂಭವಾದ ಕೆಲಸ ಕ್ರಮೇಣ ಇಲ್ಲಿಯೇ ತಯಾರಿಸುವ ಹಂತ ತಲುಪಿತು. ಅಮೆರಿಕದಲ್ಲಿ 1953ರಲ್ಲಿ ಬಂದ, ಬಾನೆಟ್ಟು ಎತ್ತರವಾದ 'ಸಿಜೆ-3ಬಿ' ಮಾದರಿ ಅಲ್ಲಿ ನಿಂತುಹೋದ ಮೇಲೂ ಭಾರತದಲ್ಲಿ ದಶಕಗಳ ಕಾಲ ಬಾಳಿತು. ಹಿರಿಯರ ನೆನಪಿನಲ್ಲಿ 'ಜೀಪು' ಎಂದೊಡನೆ ಮೂಡುವ ಚಿತ್ರ ಇದೇ.

ಕೊಡಗಿಗೆ ಜೀಪು ಒಗ್ಗಿದ್ದಕ್ಕೆ ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ನಾಡು ಇದು. ಸೈನ್ಯದಲ್ಲಿ ದುಡಿದು ನಿವೃತ್ತರಾಗಿ ತೋಟಕ್ಕೆ ಮರಳುವವರಿಗೆ ಜೀಪಿನ ಸ್ಟಿಯರಿಂಗು ಹೊಸದೇನಲ್ಲ. ನೆಲವೂ ಜೀಪನ್ನೇ ಕೇಳುವಂಥದು. ಮನೆಗಳು ಒತ್ತಾಗಿ ಕೂಡಿದ ಊರು ಇಲ್ಲಿ ಕಡಿಮೆ. ತೋಟಕ್ಕೊಂದು ಮನೆ, ಮನೆಯಿಂದ ಮನೆಗೆ ಏರುತಗ್ಗು, ನಡುವೆ ತೋಡು, ಕೆಳಗೆ ಗದ್ದೆ. ಲಕ್ಷ್ಮಣತೀರ್ಥ ನದಿಯ ಬಯಲಲ್ಲಿರುವ ಬಾಳೆಲೆ, ನಿಟ್ಟೂರು ಕಡೆಗಳಲ್ಲಿ ಹೊಳೆ ಉಕ್ಕಿದರೆ ಗದ್ದೆಯೂ ರಸ್ತೆಯೂ ಒಂದಾಗುತ್ತವೆ. ಪೂರ್ವಕ್ಕೆ ಹೋದರೆ ನಾಗರಹೊಳೆಯ ಕಾಡು.

ಇಂಥಲ್ಲಿ ಜೀಪು ಮಾಡದ ಕೆಲಸವಿಲ್ಲ. ಗೊಬ್ಬರ, ಹಣ್ಣು ಕಾಫಿಯ ಮೂಟೆ, ಮೆಣಸು, ಮರದ ತುಂಡು, ನೀರಿನ ಪಂಪು ಎಲ್ಲಕ್ಕೂ ಅದೇ. ಬೆಳಗ್ಗೆ ಕಾರ್ಮಿಕರನ್ನು ತೋಟಕ್ಕೆ ಕರೆತಂದು ಸಂಜೆ ಮನೆ ಮುಟ್ಟಿಸಿದ್ದು ಬಾಡಿಗೆ ಜೀಪು. ಹೀಗಾಗಿ ಅದು ತೋಟದ ಮಾಲೀಕನ ಗಾಡಿ ಮಾತ್ರವಲ್ಲ, ಕಂಬಿ ಹಿಡಿದು ಹಿಂದೆ ನಿಂತು ಹೋದವರದೂ ಹೌದು. ಮದುವೆ ದಿಬ್ಬಣ, ಹೆರಿಗೆ ನೋವು, ಚುನಾವಣೆಯ ಮೆರವಣಿಗೆ ಎಲ್ಲವನ್ನೂ ಅದು ಹೊತ್ತಿದೆ. ಮಲೆನಾಡಿನ ಉದ್ದಕ್ಕೂ ಇದೇ ಕಥೆ. ಕೊಡಚಾದ್ರಿಯ ಮೇಲಕ್ಕೆ ಯಾತ್ರಿಕರನ್ನು ಒಯ್ದಿದ್ದು ಜೀಪು. 'ಅಲ್ಲಿಗೆ ಜೀಪು ಮಾತ್ರ ಹೋಗುತ್ತದೆ' ಎಂದರೆ ಅದೇ ಒಂದು ರಸ್ತೆಯ ವರ್ಣನೆ.

ಕೆಸರಿನಲ್ಲಿ ನಡೆಯುವ ಲೆಕ್ಕ

ಜೀಪು ಕೆಸರಿನಿಂದ ಎದ್ದುಬರುವುದು ಹೇಗೆ? ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಆ ಎರಡು ಚಕ್ರಗಳ ನಡುವೆ 'ಡಿಫರೆನ್ಷಿಯಲ್' ಎಂಬ ಹಲ್ಲುಚಕ್ರಗಳ ಗೂಡಿದೆ. ತಿರುವಿನಲ್ಲಿ ಒಳಗಿನ ಚಕ್ರ ನಿಧಾನವಾಗಿ, ಹೊರಗಿನದು ಬೇಗ ಉರುಳಲು ಅದು ಬೇಕೇಬೇಕು. ಆದರೆ ಕೆಸರಿನಲ್ಲಿ ಇದೇ ಉಪಕಾರಿ ಉಪದ್ರವಕಾರಿಯಾಗುತ್ತದೆ. ಹಿಡಿತವಿಲ್ಲದ ಚಕ್ರ ಬರಿದೇ ಗಿರಗಿರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಲ್ಲುತ್ತದೆ.

ಜೀಪಿನಲ್ಲಿ ಮುಖ್ಯ ಗೇರಿನ ಪಕ್ಕದಲ್ಲಿ ಇನ್ನೂ ಚಿಕ್ಕ ಲಿವರ್‌ಗಳಿರುತ್ತವೆ. ಒಂದು, ಮುಂದಿನ ಚಕ್ರಗಳಿಗೂ ಶಕ್ತಿ ಕೊಡುತ್ತದೆ. ಇನ್ನೊಂದು 'ಲೋ' ಗೇರು. ಇದನ್ನು ಹಾಕಿದರೆ ವೇಗ ಕುಗ್ಗಿ ಎಳೆಯುವ ಬಲ ಹೆಚ್ಚುತ್ತದೆ. ಎತ್ತು ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ ಭುಜ ಕೊಡುವ ಹಾಗೆ. ಇಳಿಜಾರಿನಲ್ಲಿ ಬ್ರೇಕು ತುಳಿಯದೆ ಎಂಜಿನ್ನಿನ ಹಿಡಿತದಲ್ಲೇ ಗಾಡಿ ಇಳಿಯುತ್ತದೆ. ಜಾರುವ ಮಣ್ಣಿನಲ್ಲಿ ಜೀವ ಉಳಿಸುವುದು ಇದೇ.

ಕೆಳಗೆ ಏಣಿಯ ಆಕಾರದ ಉಕ್ಕಿನ ಚಾಸಿ, ಮೇಲೆ ಪ್ರತ್ಯೇಕವಾದ ಮೈ. ಮೈ ನುಜ್ಜಾದರೂ ಚಾಸಿ ನೆಟ್ಟಗಿದ್ದರೆ ಗಾಡಿ ನಡೆಯುತ್ತದೆ. ಮೂತಿ ಮೊಂಡಾಗಿದ್ದು ಚಕ್ರ ಮುಂದಕ್ಕೆ ಇರುವುದರಿಂದ ದಿಣ್ಣೆ ಹತ್ತುವಾಗ ಮೊದಲು ತಾಗುವುದು ಟೈರು, ಬಂಪರಲ್ಲ. ಇದಕ್ಕೆ ಮೇಲಾಗಿ ರಿಪೇರಿಯ ಸುಲಭ. ಹಳೆಯ ಜೀಪಿನ ಎಂಜಿನ್ನಿನಲ್ಲಿ ಕಣ್ಣಿಗೆ ಕಾಣದ ಭಾಗ ಕಡಿಮೆ. ಸ್ಪ್ಯಾನರು, ತಂತಿ, ಚೂರು ರಬ್ಬರು ಇದ್ದರೆ ಊರಿನ ಮೆಕ್ಯಾನಿಕ್ ಮರದಡಿಯಲ್ಲೇ ಅದನ್ನು ಎಬ್ಬಿಸಿ ಕಳಿಸುತ್ತಾನೆ.

ರೂಪವೇ ಸರಕಾದಾಗ

ಕೆಲಸದ ಗಾಡಿಗೆ ಸುಖದ ಮೆತ್ತೆ ಹಾಕುವ ಪ್ರಯತ್ನ ಹೊಸದಲ್ಲ. ಜೀಪಿನಿಂದ ಸ್ಫೂರ್ತಿ ಪಡೆದು ಬ್ರಿಟನ್ನಿನಲ್ಲಿ 1948ರಲ್ಲಿ ಹುಟ್ಟಿದ ಲ್ಯಾಂಡ್ ರೋವರ್, ರೈತರ ಗಾಡಿ. ಯುದ್ಧಾನಂತರ ಉಕ್ಕಿಗೆ ಅಭಾವವಿದ್ದುದರಿಂದ ಅದರ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದರು. ಅದೇ ಕಂಪೆನಿ 1970ರಲ್ಲಿ ರೇಂಜ್ ರೋವರ್ ತಂದಾಗ ಗದ್ದೆಗೂ ನಗರಕ್ಕೂ ಒಂದೇ ಗಾಡಿ ಎಂಬ ಕಲ್ಪನೆ ಬಲಿಯಿತು.

ಭಾರತದಲ್ಲಿ ಬದಲಾವಣೆಯ ಗಾಳಿ ಬೀಸಿದ್ದು 1980ರ ದಶಕದಿಂದ. 1985ರ ಕೊನೆಗೆ ಮಾರುತಿಯ ಜಿಪ್ಸಿ ಬಂತು. ಹಗುರ, ಪೆಟ್ರೋಲು, ಓಟದಲ್ಲಿ ಚುರುಕು. ಸೈನ್ಯ, ಪೊಲೀಸ್, ಅರಣ್ಯ ಇಲಾಖೆಗಳು ಅದನ್ನು ಒಪ್ಪಿಕೊಂಡವು. ನಾಗರಹೊಳೆಯಂತಹ ಕಾಡುಗಳಲ್ಲಿ ಅದು ಪರಿಚಿತ ಗಾಡಿಯಾಯಿತು. ಆರ್ಥಿಕ ಉದಾರೀಕರಣದ ಹೊತ್ತಿಗೆ, 1991ರಲ್ಲಿ ಟಾಟಾ ಸಿಯೆರ್ರಾ, 1994ರಲ್ಲಿ ಸುಮೋ, 1998ರಲ್ಲಿ ಸಫಾರಿ ಬಂದವು. 2000ದಲ್ಲಿ ನಮ್ಮ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಟಿತು. ಅದೇ ವರ್ಷ ಮಹೀಂದ್ರ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ. ಜೀಪಿನ ಕುಲದ ಗಾಡಿ ಮನೆಮಂದಿಯೆಲ್ಲ ಕೂರುವ ಕಾರಾಯಿತು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. 2012ರ ಡಸ್ಟರ್, 2013ರ ಇಕೋಸ್ಪೋರ್ಟ್, 2015ರ ಕ್ರೆಟಾ ಮುಂತಾದವುಗಳಲ್ಲಿ ಏಣಿ ಚಾಸಿಯೇ ಇಲ್ಲ. ಕಾರಿನ ಹಾಗೆ ಮೈಯೇ ಚಾಸಿ. ಬಹುಪಾಲು ಮಾದರಿಗಳಲ್ಲಿ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ. ಎತ್ತರದ ಬಾನೆಟ್ಟು, ಬದಿಗೆ ಕಪ್ಪು ಪ್ಲಾಸ್ಟಿಕ್ಕು, ಕೆಳಗೆ ಬೆಳ್ಳಿ ಬಣ್ಣದ ಫಲಕ ಇವೆಲ್ಲ ಕಾಡಿನ ನೆನಪು ತರುತ್ತವೆ, ಕಾಡಿಗೆ ಕರೆದೊಯ್ಯುವುದಿಲ್ಲ.

ಕಾನೂನು ಕೂಡ ರೂಪವನ್ನೇ ಅಳೆಯಿತು. 2017ರಲ್ಲಿ ಜಾರಿಗೆ ಬಂದ ಜಿಎಸ್‌ಟಿ ಪದ್ಧತಿಯಲ್ಲಿ ಎಸ್‌ಯುವಿಯ ಲಕ್ಷಣಗಳೆಂದು ಹೇಳಿದ್ದು ನಾಲ್ಕು ಮೀಟರಿಗಿಂತ ಹೆಚ್ಚಿನ ಉದ್ದ, 1500 ಸಿಸಿ ಮೀರಿದ ಎಂಜಿನ್ನು, ನೆಲದಿಂದ 170 ಮಿಲಿಮೀಟರಿಗೆ ಕಡಿಮೆಯಿಲ್ಲದ ಎತ್ತರ. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುತ್ತದೆಯೇ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ. 2023ರಲ್ಲಿ ಮಹೀಂದ್ರ ತನ್ನ ಥಾರಿನ ಇನ್ನೊಂದು ಆವೃತ್ತಿಯನ್ನು ತಂದಿತು. ಮೈ ಅದೇ, ಮೂತಿ ಅದೇ, ಆದರೆ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಅದರ ಡೀಸೆಲ್ ಎಂಜಿನ್ನು ಕೂಡ ತೆರಿಗೆಯ ಗೆರೆಯೊಳಗೆ ಕೂರುವ 1500 ಸಿಸಿಯದು. ಬೆಲೆ ತಗ್ಗಿತು, ಜೀಪಿನ ವೇಷ ಉಳಿಯಿತು. ಹವ್ಯಾಸಿಗಳ ದೂರಿಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಜೀಪಿನ ಮೂತಿ ಎಷ್ಟು ಬೆಲೆಯುಳ್ಳದ್ದಾಯಿತೆಂದರೆ ಅದಕ್ಕಾಗಿ ಮೊಕದ್ದಮೆಯೂ ನಡೆಯಿತು. ಮಹೀಂದ್ರ 2018ರಲ್ಲಿ ಅಮೆರಿಕದಲ್ಲಿ ಮಾರಲು ಹೊರಟ 'ರಾಕ್ಸರ್' ಗಾಡಿ ತನ್ನ ಜೀಪಿನ ರೂಪವನ್ನು ನಕಲು ಮಾಡಿದೆಯೆಂದು, ಆಗ ಜೀಪ್ ಹೆಸರಿನ ಒಡೆತನವಿದ್ದ ಫಿಯಟ್ ಕ್ರೈಸ್ಲರ್ ದೂರು ಕೊಟ್ಟಿತು. ಚಪ್ಪಟೆ ಬದಿ, ಬಾನೆಟ್ಟಿನ ಹೊರಗಿನ ಕೊಂಡಿ, ಉದ್ದ ಸೀಳಿನ ಜಾಲರಿ ಎಲ್ಲವೂ ವಿಚಾರಣೆಗೆ ಬಂದವು. 2020ರ ಜೂನ್‌ನಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ದೂರನ್ನು ಎತ್ತಿಹಿಡಿಯಿತು. ರೂಪ ಬದಲಿಸಿದ ರಾಕ್ಸರ್‌ಗೆ ಅದೇ ವರ್ಷದ ಕೊನೆಗೆ ಒಪ್ಪಿಗೆ ಸಿಕ್ಕಿತು. ಯುದ್ಧಕಾಲದಲ್ಲಿ ಖರ್ಚು ಉಳಿಸಲು ತಗಡಿಗೆ ಒತ್ತಿದ ಸೀಳು, ಎಂಬತ್ತು ವರ್ಷಗಳ ನಂತರ ವಕೀಲರು ಕಾಯುವ ಆಸ್ತಿಯಾಗಿತ್ತು.

ಎರಡು ಪಕ್ಷ, ಎರಡರಲ್ಲೂ ನಿಜ

ಗದ್ದೆ ಕೊಯ್ಲಾದ ಮೇಲೆ ಕೊಡಗಿನಲ್ಲಿ ವಾಹನಗಳ ಓಟದ ಸ್ಪರ್ಧೆಗಳು ನಡೆಯುವುದುಂಟು. ಮಳೆಗಾಲದಲ್ಲಿ ತೋಟದ ಕೆಸರುದಾರಿಗಳಲ್ಲಿ ಜೀಪುಗಳ ಕಸರತ್ತೂ ಇದೆ. ಮಹೀಂದ್ರ ಸಂಸ್ಥೆ 1996ರಲ್ಲೇ 'ಗ್ರೇಟ್ ಎಸ್ಕೇಪ್' ಹೆಸರಿನಲ್ಲಿ ಇಂಥ ಕೂಟಗಳನ್ನು ಶುರುಮಾಡಿತು. ಮಂಡಲಪಟ್ಟಿಯ ತುದಿಗೆ ಪ್ರವಾಸಿಗರನ್ನು ಕೊಂಡೊಯ್ಯುವ ಜೀಪುಗಳಿಗಂತೂ ಅದೇ ಜೀವನ. ಇಂಥ ಕಡೆಗಳಲ್ಲೆಲ್ಲ ಹಳಬರು, ಹೊಸಬರು ಎಂಬ ಎರಡು ಪಕ್ಷಗಳಿವೆ.

ಹಳೆಯ ಜೀಪಿನ ಪಕ್ಷದವರ ವಾದ ಸರಳ. ಗೀರು ಬಿದ್ದರೆ ಎದೆ ಒಡೆಯುವಂಥ ಗಾಡಿ ಕಾಡಿಗೆ ಏಕೆ? ಸೆನ್ಸರು ಕೆಟ್ಟರೆ ಕಂಪ್ಯೂಟರು ಬರುವವರೆಗೆ ಮಳೆಯಲ್ಲಿ ಕಾಯಬೇಕೇ? ಕಾಫಿ ಮೂಟೆ ಹೇರಲು ಮೆತ್ತನೆಯ ಸೀಟಿನಿಂದ ಏನು ಪ್ರಯೋಜನ? ಜಿಪ್ಸಿ 2019ರ ಹೊತ್ತಿಗೆ ನಾಗರಿಕರಿಗೆ ಸಿಗದಂತಾದಾಗ ಇವರಿಗೆ ನಂಟರನ್ನು ಕಳೆದುಕೊಂಡ ದುಃಖ.

ಹೊಸಬರ ಉತ್ತರವನ್ನೂ ತಳ್ಳಿಹಾಕುವಂತಿಲ್ಲ. ಹಳೆಯ ಜೀಪಿನಲ್ಲಿ ಗಾಳಿಚೀಲವಿಲ್ಲ, ಬಾಗಿಲಿಲ್ಲ, ಬೆಲ್ಟಿಲ್ಲ. ತಿರುವಿನಲ್ಲಿ ಮಗುಚಿದರೆ ಒಳಗಿದ್ದವರಿಗೆ ರಕ್ಷಣೆ ಇಲ್ಲ. 2020ರ ಥಾರ್ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರ ಪಡೆಯಿತು. ಅದು 650 ಮಿಲಿಮೀಟರ್ ಆಳದ ನೀರಿನಲ್ಲಿ ಸಾಗಬಲ್ಲದೆಂದು ಕಂಪೆನಿ ಹೇಳುತ್ತದೆ. ಜಾರುವ ಚಕ್ರಕ್ಕೆ ತಾನಾಗಿ ಬ್ರೇಕು ಹಾಕಿ ಇನ್ನೊಂದಕ್ಕೆ ಬಲ ಕೊಡುವ ವ್ಯವಸ್ಥೆಯೂ ಇದೆ. ಹೊಸ ಚಾಲಕನೊಬ್ಬ ಹಳೆಯ ಜೀಪಿನಲ್ಲಿ ಸಿಕ್ಕಿಬೀಳುವ ಕಡೆ ಇದರಲ್ಲಿ ಸಲೀಸಾಗಿ ದಾಟಬಹುದು. ಬೆನ್ನುನೋವಿನ ಹಿರಿಯರಿಗೆ, ಮೈಸೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗೆ ಮೆತ್ತನೆಯ ಸೀಟು ಶೋಕಿಯಲ್ಲ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಂಥವುಗಳಿಂದ ಡಾಂಬರು ಹಳ್ಳಿಗಳ ಒಳಗೆ ಬಂದಿದೆ. ವರ್ಷದ ಬಹುಪಾಲು ದಿನ ಗಾಡಿ ಓಡುವುದು ಆ ಡಾಂಬರಿನ ಮೇಲೆಯೇ.

ಗಮನಿಸಬೇಕಾದ್ದು ಇನ್ನೊಂದಿದೆ. ಗಟ್ಟಿತನದ ಪಕ್ಷದವರಿಗೂ ರೂಪದ ಮೋಹ ತಪ್ಪಿದ್ದಲ್ಲ. 2010ರ ಥಾರಿನಲ್ಲಿ ಜೀಪಿನ ಉದ್ದ ಸೀಳಿನ ಮೂತಿಯಿತ್ತು. 2020ರ ಥಾರಿಗೆ ಬೇರೆ ಜಾಲರಿ ಬಂದಾಗ ಹೆಚ್ಚು ಗೊಣಗಿದವರಲ್ಲಿ ಇವರೂ ಇದ್ದರು. ಕೆಸರಿಗೂ ಜಾಲರಿಗೂ ಏನು ಸಂಬಂಧ? ಹಳೆಯ ಜೀಪಿಗೆ ಅಗಲ ಟೈರು, ಸಾಲುದೀಪ, ಮುಂದೊಂದು ದಪ್ಪ ಕಂಬಿ ಜೋಡಿಸುವುದೂ ಅಲಂಕಾರವೇ. ಅಂಥ ಕಂಬಿಗಳು ಪಾದಚಾರಿಗಳಿಗೆ ಅಪಾಯವೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಅವುಗಳ ವಿರುದ್ಧ ಕ್ರಮಕ್ಕೆ ಸೂಚಿಸಿತು. ಕಂಪೆನಿ ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಇನ್ನು ಕಾಡಂಚಿನ ಊರುಗಳಲ್ಲಿ ಮರೆಯಬಾರದ ಮಾತೊಂದಿದೆ. ಗಾಡಿಗೆ ಹೋಗುವ ಶಕ್ತಿಯಿದೆಯೆಂಬುದು ಹೋಗಲು ಅಪ್ಪಣೆಯಲ್ಲ. ಹುಲ್ಲುಗಾವಲಿನ ಮೇಲೆ ಟೈರು ಕೊರೆದ ಗೀರು ಮುಂದಿನ ಮಳೆಗೆ ಕೊರಕಲಾಗುತ್ತದೆ.

ಮಳೆ ಕೇಳುವ ಪ್ರಶ್ನೆ

2018ರ ಆಗಸ್ಟ್ ಕೊಡಗಿನ ಜನ ಮರೆಯಲಾರದ ತಿಂಗಳು. ಮಡಿಕೇರಿ ಸುತ್ತಿನ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆ ಗುಡ್ಡಗಳೇ ಜಾರಿದವು. ಸಂಪಾಜೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ ಕಡಿದುಹೋಯಿತು. ಮರುವರ್ಷದ ಆಗಸ್ಟಿನಲ್ಲಿ ದಕ್ಷಿಣ ಕೊಡಗಿನ ಸರದಿ. ತೋರದಲ್ಲಿ ಗುಡ್ಡ ಕುಸಿಯಿತು, ಕಾವೇರಿ, ಲಕ್ಷ್ಮಣತೀರ್ಥಗಳು ದಡ ಮೀರಿದವು. ನಿನ್ನೆಯ ಡಾಂಬರು ರಸ್ತೆ ಒಂದು ರಾತ್ರಿಯಲ್ಲಿ ಇಲ್ಲವಾಗಬಹುದೆಂಬುದನ್ನು ಆ ಎರಡು ಮಳೆಗಾಲಗಳು ತೋರಿಸಿಕೊಟ್ಟವು.

ಅಂಥ ದಿನ ಗಾಡಿಯ ಹಣೆಯ ಮೇಲಿನ ಹೆಸರು, ಸೀಳುಗಳ ಸಂಖ್ಯೆ, ಬಣ್ಣದ ಮಿರುಗು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹಳೆಯದೋ ಹೊಸದೋ ಎಂಬುದೂ ಅಷ್ಟು ಮುಖ್ಯವಲ್ಲ. ಎರಡು ಚಕ್ರದ ಶಕ್ತಿಯ ಹೊಸ ಥಾರ್ ನಿಲ್ಲುವ ಕಡೆ ಹಳೆಯ ಜೀಪು ಸಾಗಬಹುದು. ಬ್ರೇಕು ಹಿಡಿಯದ ಹಳೆಯ ಜೀಪಿಗಿಂತ ನಾಲ್ಕು ಚಕ್ರದ ಶಕ್ತಿಯ ಹೊಸ ಗಾಡಿ ನೂರು ಪಾಲು ಮೇಲು. ಎರಡಕ್ಕೂ ಮೀರಿದ ನೀರು ಹರಿಯುತ್ತಿದ್ದರೆ ದಡದಲ್ಲಿ ನಿಲ್ಲುವುದೇ ಜಾಣತನ.

ಹಾಗಾಗಿ ಗಾಡಿ ಕೊಳ್ಳುವ ಮಲೆನಾಡಿನವರು ಷೋರೂಮಿನ ಬೆಳಕಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಹಳೆಯವೇ. ಶಕ್ತಿ ನಾಲ್ಕು ಚಕ್ರಕ್ಕೂ ಹೋಗುತ್ತದೆಯೇ? ಲೋ ಗೇರು ಇದೆಯೇ? ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರವಿದೆಯೇ? ಮಗುಚಿದರೆ ಒಳಗಿದ್ದವರು ಉಳಿಯುತ್ತಾರೆಯೇ? ಕೆಟ್ಟರೆ ಗೋಣಿಕೊಪ್ಪಲಿನಲ್ಲೇ ರಿಪೇರಿಯಾಗುತ್ತದೆಯೇ, ಮೈಸೂರಿಗೆ ಎಳೆದುಕೊಂಡು ಹೋಗಬೇಕೇ? 1940ರಲ್ಲಿ ಅಮೆರಿಕದ ಸೈನ್ಯ ಕೇಳಿದ್ದೂ ಹೆಚ್ಚುಕಡಿಮೆ ಇಂಥವನ್ನೇ. ಉತ್ತರವಾಗಿ ಬಂದ ಗಾಡಿ ಚೆಂದವಾಗಿತ್ತೇ ಎಂದು ಆಗ ಯಾರೂ ಕೇಳಿರಲಿಲ್ಲ.

ಬಾಳೆಲೆಯ ಕೆಂಪು ದಾರಿ ಕೂಡ ಅದನ್ನು ಕೇಳುವುದಿಲ್ಲ. ಡಾಂಬರು ಮುಗಿದಲ್ಲಿ ಗಾಡಿ ನಿಂತಿತೋ, ಕೆಳಗಿನ ಲೈನ್ ಮನೆಯ ಬಾಗಿಲಿಗೆ ಮುಟ್ಟಿತೋ ಎಂಬುದಷ್ಟೇ ಅದರ ಲೆಕ್ಕ.